ಮಗಳು ಹೂಡಿಕೆ ಓದಲಿ

ಅಕ್ಕಂದಿರೇ, ಹಸು ನೋಡಲು ಬಂದಾಗ ಕೇಳುತ್ತೀರಿ: “ಡಾಕ್ಟ್ರೇ, ಮಗಳು ಕಾಲೇಜಲ್ಲಿ ಹೂಡಿಕೆ ವಿಷಯ ತಗೋತೀನಿ ಅಂತಾಳೆ. ಹಾಲು ಕರೆಯೋ ಮನೆಗೆ ಅದ್ಯಾಕೆ?” ಬೇಕು ಎನ್ನುವುದೇ ನನ್ನ ಅಭಿಪ್ರಾಯ.

ಒಂದೇ ಕೊಟ್ಟಿಗೆಯಲ್ಲಿ ಎರಡು ಹಸು ಇದ್ದರೆ ಕಾಲುಬಾಯಿ ಜ್ವರ ಎರಡಕ್ಕೂ ತಗಲುತ್ತದೆ, ಬಟವಾಡೆ ಕುಸಿಯುತ್ತದೆ. ದುಡ್ಡೂ ಹಾಗೆಯೇ. ಒಟ್ಟಿಗೆ ಬೀಳದ ಕಡೆಗಳಲ್ಲಿ ಹಂಚಿಡಬೇಕೆಂದು ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಲೆಕ್ಕ ಹಾಕಿ ತೋರಿಸಿದರು. 1990ರಲ್ಲಿ ನೊಬೆಲ್ ಪಡೆದರು.

ಸಲಹೆ ಕೊಡುವವನಿಗೆ ದುಡ್ಡು ಯಾರದು ಎಂದು ಕೇಳುವುದನ್ನೂ ಮಗಳು ಕಲಿಯುತ್ತಾಳೆ. ಏಜೆಂಟನಿಗೆ ಕಂಪನಿ ಕಮಿಷನ್ ಕೊಡುತ್ತದೆ; ಸೆಬಿಯಲ್ಲಿ ನೋಂದಾಯಿತ ಸಲಹೆಗಾರ ನಿಮ್ಮಿಂದಲೇ ಶುಲ್ಕ ಪಡೆಯಬೇಕು. ಬಟವಾಡೆ ದಿನ ‘ದುಡ್ಡು ದುಪ್ಪಟ್ಟು’ ಎನ್ನುತ್ತ ಯಾರಾದರೂ ಬಂದರೆ, ನೀವು ಸಹಿ ಹಾಕುವ ಮೊದಲು ಕಾಗದ ಓದುವವಳು ಮನೆಯಲ್ಲೇ ಇರಲಿ. ಅವಳ ಫೀಸು ಕಟ್ಟಿ.