ರಾಜ್ಯಶಾಸ್ತ್ರದ ಪರೀಕ್ಷೆಗೆ ಓದುವ ಬಗೆ

ಸಂಕ್ರಾಂತಿಯ ಎಳ್ಳು ಬೀರುವ ಸಂಭ್ರಮವು ಮುಗಿಯಿತೆಂದರೆ, ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಬೇರೊಂದು ವಿಧವಾದ ವ್ರತವು ಆರಂಭವಾಗುವುದು ವಾಚಕರಿಗೆ ತಿಳಿದ ವಿಷಯವೇ. ದೂರದರ್ಶನದ ಪೆಟ್ಟಿಗೆಯು ಮೌನವನ್ನು ಹಿಡಿಯುತ್ತದೆ. ನೆಂಟರು ಬರುವುದು ಕಡಮೆಯಾಗುತ್ತದೆ. ತಾಯಂದಿರು ಬೆಳಗಿನ ಜಾವದಲ್ಲಿಯೇ ಎದ್ದು ಮಕ್ಕಳಿಗೆ ಕಾಫಿ ಕಾಸಿಕೊಡುತ್ತಾರೆ. ಈ ವ್ರತದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅನಾದರಕ್ಕೆ ಗುರಿಯಾಗುವ ವಿಷಯ ಯಾವುದೆಂದು ಕೇಳಿದರೆ, ಪ್ರೌಢಶಾಲೆಯಲ್ಲಿ ಸಂಸ್ಕೃತದ ಜೊತೆಗೆ ಪೌರನೀತಿಯನ್ನೂ ಬಹುಕಾಲ ಬೋಧಿಸಿ ನಿವೃತ್ತರಾದ ನಾವು, ದ್ವಿತೀಯ ಪಿಯುಸಿಯ ರಾಜ್ಯಶಾಸ್ತ್ರವೆಂದೇ ಉತ್ತರ ಕೊಡುವೆವು. ಗಣಿತವೆಂದರೆ ಭಯವುಂಟು, ಇಂಗ್ಲಿಷೆಂದರೆ ಗೌರವವುಂಟು. ರಾಜ್ಯಶಾಸ್ತ್ರಕ್ಕಾದರೋ, “ಕೊನೆಯ ವಾರದಲ್ಲಿ ಬಾಯಿಪಾಠ ಮಾಡಿದರಾಯಿತು” ಎಂಬ ಮಾತೊಂದೇ ಉಂಟು. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ನಮ್ಮ ನೆರೆಮನೆಯ ಹುಡುಗಿಯೊಬ್ಬಳು ಈ ಸಲ ಆ ಪರೀಕ್ಷೆಗೆ ಕುಳಿತುಕೊಳ್ಳತಕ್ಕವಳು. ಒಂದು ದಿನ ದೀಪ ಹಚ್ಚುವ ಹೊತ್ತಿಗೆ ಅವಳ ತಾಯಿಯು ಮಗಳನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದು, “ಮೇಷ್ಟ್ರೇ, ಇವಳು ಬೆಳಗಿನಿಂದ ಓದುತ್ತಲೇ ಇರುತ್ತಾಳೆ; ಸಾಯಂಕಾಲ ಕೇಳಿದರೆ ಒಂದೂ ನೆನಪಿಲ್ಲವೆಂದು ಅಳುತ್ತಾಳೆ. ನನಗೋ ಇದರ ಗಂಧವೇ ತಿಳಿಯದು. ನೀವೇ ಸ್ವಲ್ಪ ನೋಡಬೇಕು” ಎಂದರು. ಹುಡುಗಿಯ ಕೈಯಲ್ಲಿದ್ದ ಪುಸ್ತಕವನ್ನು ತೆರೆದು ನೋಡಿದೆವು. ಒಂದು ಪುಟದ ತುಂಬ ಅಂಕಿಗಳು: 5, 6, 25, 30, 12, 14. ದಿನಸಿ ಅಂಗಡಿಯ ಲೆಕ್ಕದ ಚೀಟಿಯಂತೆ ಕಾಣುತ್ತಿದ್ದಿತು.

“ಇದೇನು ಮಗು?” ಎಂದು ಕೇಳಿದೆವು.

“ಲೋಕಸಭೆಗೆ 5 ವರ್ಷ, ರಾಜ್ಯಸಭೆಯ ಸದಸ್ಯರಿಗೆ 6 ವರ್ಷ, ತಾತ. ಯಾವಾಗಲೂ ಅದಲುಬದಲಾಗುತ್ತದೆ.”

“ಅಲ್ಲಿಗೆ 6 ವರುಷ ಏಕೆ?”

“ಏಕೆ ಅಂತ ಯಾರೂ ಕೇಳುವುದಿಲ್ಲ, ತಾತ. ಎಷ್ಟು ಅಂತ ಮಾತ್ರ ಕೇಳುತ್ತಾರೆ.”

ಈ ಉತ್ತರವನ್ನು ಕೇಳಿ ನಮಗೆ ನಗು ಬರಲಿಲ್ಲ, ಲಜ್ಜೆಯಾಯಿತು. ಏಕೆಂದರೆ ಇಂಥ ಉತ್ತರವನ್ನು ಕಲಿಸಿದವರು ನಮ್ಮಂಥ ಉಪಾಧ್ಯಾಯರೇ ಅಲ್ಲವೆ?

ಕಂಠಪಾಠವನ್ನು ನಾವು ನಿಂದಿಸುವವರಲ್ಲ. ಬಾಲ್ಯದಲ್ಲಿ ಅಮರಕೋಶವನ್ನೂ ಶಬ್ದಮಂಜರಿಯನ್ನೂ ಕಂಠಸ್ಥ ಮಾಡಿದ್ದರಿಂದಲೇ ನಮಗೆ ಅನ್ನವು ದೊರೆಯಿತು. ಆದರೆ ಶಬ್ದರೂಪಗಳಿಗೆ ಒಂದು ಲಯವಿದೆ; ಒಂದು ರೂಪವು ಮತ್ತೊಂದನ್ನು ತಾನಾಗಿಯೇ ಕರೆತರುತ್ತದೆ. ಸಂವಿಧಾನದ ಅಂಕಿಗಳಿಗೆ ಅಂಥ ಲಯವಿಲ್ಲ. ಅವುಗಳನ್ನು ಕೂಡಿಸಿ ನಿಲ್ಲಿಸುವ ದಾರವೆಂದರೆ ಕಾರಣವೊಂದೇ. ಪ್ರತಿಯೊಂದು ಅಂಕಿಯೂ ಹಿಂದೆ ಯಾರೋ ಕೇಳಿದ ಒಂದು ಪ್ರಶ್ನೆಗೆ ಸಿಕ್ಕ ಉತ್ತರ. 1946ನೆಯ ಡಿಸೆಂಬರ್ 9ರಂದು ಮೊದಲು ಸೇರಿದ ಸಂವಿಧಾನ ಸಭೆಯು, 1949ನೆಯ ನವೆಂಬರ್ 26ರಂದು ಸಂವಿಧಾನವನ್ನು ಅಂಗೀಕರಿಸುವವರೆಗೆ, ಸುಮಾರು ಮೂರು ವರುಷ ಚರ್ಚಿಸಿದ್ದು ಇಂಥ ಪ್ರಶ್ನೆಗಳನ್ನೇ. ಪ್ರಶ್ನೆಯನ್ನು ಬಿಟ್ಟು ಉತ್ತರವನ್ನು ಮಾತ್ರ ಹೊತ್ತುಕೊಂಡರೆ ಅದು ದಾರಿಯಲ್ಲಿಯೇ ಜಾರಿಹೋಗುವುದು ಸಹಜ.

ಆದಕಾರಣ ಆ ಹುಡುಗಿಗೆ ಹೀಗೆ ವಿವರಿಸಿದೆವು: ಲೋಕಸಭೆಯು 5 ವರುಷಕ್ಕೊಮ್ಮೆ, ಕೆಲವು ವೇಳೆ ಅದಕ್ಕೂ ಮೊದಲೇ, ವಿಸರ್ಜಿತವಾಗಿ ಸಂಪೂರ್ಣವಾಗಿ ಹೊಸದಾಗುತ್ತದೆ. ರಾಜ್ಯಸಭೆಯಾದರೋ ಎಂದಿಗೂ ವಿಸರ್ಜಿತವಾಗುವುದಿಲ್ಲ. ಅಲ್ಲಿ 2 ವರುಷಕ್ಕೊಮ್ಮೆ ಸದಸ್ಯರಲ್ಲಿ ಮೂರನೆಯ ಒಂದು ಭಾಗದವರು ನಿವೃತ್ತರಾಗಿ, ಅವರ ಸ್ಥಾನಕ್ಕೆ ಬೇರೆಯವರು ಬರುತ್ತಾರೆ. ಮೂರು ಭಾಗ, ಭಾಗಕ್ಕೆ ಎರಡೆರಡು ವರುಷ. ಗುಣಿಸಿದರೆ 6 ತಾನಾಗಿ ಬಂದಿತು.

ಇಷ್ಟು ಹೇಳುವಷ್ಟರಲ್ಲಿ, ಗಂಧವೇ ತಿಳಿಯದೆಂದಿದ್ದ ಆ ತಾಯಿಯು ನಡುವೆ ಬಾಯಿ ಹಾಕಿ, “ಅಂದರೆ ಹೆಪ್ಪಿಗೆಂದು ಒಂದಿಷ್ಟು ಮೊಸರು ಉಳಿಸಿಕೊಂಡ ಹಾಗೆ ಅಲ್ಲವೇ, ಮೇಷ್ಟ್ರೇ? ಪಾತ್ರೆಯನ್ನು ಪೂರಾ ತೊಳೆದುಬಿಟ್ಟರೆ ಮರುದಿನ ಪಕ್ಕದ ಮನೆಗೆ ಹೋಗಿ ಬೇಡಬೇಕು” ಎಂದರು. ಅಷ್ಟು ವರುಷ ಪಾಠ ಹೇಳಿದ ನಮಗೆ ಹೊಳೆಯದಿದ್ದ ದೃಷ್ಟಾಂತವು ಅವರಿಗೆ ಕ್ಷಣಮಾತ್ರದಲ್ಲಿ ಹೊಳೆಯಿತು. ಹುಡುಗಿಯು ನಕ್ಕು ಬರೆದುಕೊಂಡಳು. ನಾಲ್ಕು ದಿನಗಳ ಮೇಲೆ ಬಂದು, “ನಮ್ಮ ರಾಜ್ಯದ ವಿಧಾನ ಪರಿಷತ್ತೂ ಹೆಪ್ಪೇ, ತಾತ! ಅಲ್ಲಿಯೂ 6 ವರ್ಷ, ಅಲ್ಲಿಯೂ ಮೂರನೆಯ ಒಂದು ಭಾಗ” ಎಂದಳು. 224 ಸ್ಥಾನಗಳ ವಿಧಾನಸಭೆಯನ್ನೂ 75 ಸ್ಥಾನಗಳ ವಿಧಾನ ಪರಿಷತ್ತನ್ನೂ ಒಂದರಿಂದೊಂದು ಬೇರೆಯೆಂದು ತಿಳಿಯಲು ಅವಳಿಗೆ ಮತ್ತೆ ಕಷ್ಟವಾಗಲಿಲ್ಲ. ಒಂದು ಕಾರಣವನ್ನು ಅರಿತವರು ಅದನ್ನು ಎರಡನೆಯ ಕಡೆಗೆ ತಾವೇ ಕೊಂಡೊಯ್ಯುತ್ತಾರೆ.

ಆ ಪುಟದಲ್ಲಿದ್ದ 14 ಎಂಬ ಅಂಕಿಯೂ ಹೀಗೆಯೇ. ಧನ ವಿಧೇಯಕವು ಲೋಕಸಭೆಯಲ್ಲಿಯೇ ಮಂಡಿತವಾಗತಕ್ಕದ್ದು. ರಾಜ್ಯಸಭೆಯು ಅದನ್ನು 14 ದಿನಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಅದರ ಸಲಹೆಗಳನ್ನು ಒಪ್ಪುವುದೂ ಬಿಡುವುದೂ ಲೋಕಸಭೆಗೆ ಸೇರಿದ್ದು. ಪ್ರಜೆಗಳ ಗಂಟನ್ನು ಬಿಚ್ಚುವ ಅಧಿಕಾರವು ಪ್ರಜೆಗಳು ನೇರವಾಗಿ ಆರಿಸಿದವರ ಕೈಯಲ್ಲಿರಬೇಕೆಂಬುದೇ ಇದಕ್ಕೆ ಕಾರಣ.

ಎರಡನೆಯ ಉಪಾಯವೆಂದರೆ ಪದಗಳನ್ನು ಬಿಡಿಸಿ ನೋಡುವುದು. ಮಕ್ಕಳು ಕಠಿನವೆನ್ನುವ ಪಾರಿಭಾಷಿಕ ಶಬ್ದಗಳಲ್ಲಿ ಬಹುಪಾಲು ತಮ್ಮ ಅರ್ಥವನ್ನು ಹೊಟ್ಟೆಯಲ್ಲಿಯೇ ಇಟ್ಟುಕೊಂಡಿವೆ. ‘ವಿಧೇಯಕ’ವೆಂಬುದು ಇನ್ನೂ ವಿಧಿಸಬೇಕಾಗಿರುವುದು, ಸದನಗಳು ಒಪ್ಪಿ, ರಾಷ್ಟ್ರಪತಿಗಳ ಅಂಕಿತವು ಬಿದ್ದ ಮೇಲೆಯೇ ಅದು ‘ಅಧಿನಿಯಮ’. ಈ ಒಂದು ಭೇದವನ್ನು ತಿಳಿಯದೆ ಅಂಕಗಳನ್ನು ಕಳೆದುಕೊಂಡವರನ್ನು ನಾವು ಬಹಳವಾಗಿ ಕಂಡಿದ್ದೇವೆ. ‘ಸುಗ್ರೀವಾಜ್ಞೆ’ ಎಂಬ ಶಬ್ದವಂತೂ ನಮ್ಮ ಕನ್ನಡದ ಸೊಬಗು. ಸೀತೆಯನ್ನು ಹುಡುಕಲು ಹೊರಟ ವಾನರರಿಗೆ ಸುಗ್ರೀವನು ಒಂದು ತಿಂಗಳ ಗಡುವನ್ನು ವಿಧಿಸಿ, ಮೀರಿದರೆ ದಂಡನೆಯೆಂದು ಆಜ್ಞಾಪಿಸಿದ ಕಥೆಯನ್ನು ಅರಿಯದವರಾರು? ಸದನವು ಸೇರಿರದ ಕಾಲದಲ್ಲಿ ರಾಷ್ಟ್ರಪತಿಗಳಾಗಲಿ ರಾಜ್ಯಪಾಲರಾಗಲಿ ಹೊರಡಿಸುವ ತುರ್ತಿನ ಆಜ್ಞೆಗೆ ಆ ಹೆಸರು ಸಂದಿತು. ಆದರೆ ಒಂದು ಭೇದವುಂಟು. ಕಿಷ್ಕಿಂಧೆಯ ದೊರೆಯ ಆಜ್ಞೆಯನ್ನು ಕೇಳುವವರಿರಲಿಲ್ಲ. ಈ ಆಜ್ಞೆಯನ್ನಾದರೋ ಸದನದ ಮುಂದಿಡಬೇಕು, ಸದನವು ಮತ್ತೆ ಸೇರಿದಂದಿನಿಂದ 6 ವಾರಗಳೊಳಗೆ ಒಪ್ಪಿಗೆ ದೊರೆಯದಿದ್ದರೆ ಅದು ಬಿದ್ದುಹೋಗುವುದು. ಆ ಭೇದವನ್ನು ಒಂದು ವಾಕ್ಯದಲ್ಲಿ ಬರೆದ ವಿದ್ಯಾರ್ಥಿಯು ಪ್ರಶ್ನೆಯ ಮರ್ಮವನ್ನು ಬರೆದಂತೆ.

ಮೂರನೆಯದು, ದೀರ್ಘವಾದ ಉತ್ತರಗಳ ವಿಚಾರ. ಐದು ಅಂಕ, ಹತ್ತು ಅಂಕದ ಪ್ರಶ್ನೆಗಳಿಗೆ ಮಕ್ಕಳು ಪುಟಗಳನ್ನು ತುಂಬುತ್ತಾರೆ, ಉದಾಹರಣೆಯನ್ನು ಮಾತ್ರ ಕೊಡುವುದಿಲ್ಲ. ಉದಾಹರಣೆಗಳಿಗಾಗಿ ದೂರ ಹೋಗಬೇಕಾಗಿಯೂ ಇಲ್ಲ. ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆಯನ್ನು ಹೇರುವ 356ನೆಯ ವಿಧಿಯನ್ನು ಕುರಿತು ಕೇಳಿದರೆ, ನಮ್ಮ ಎಸ್. ಆರ್. ಬೊಮ್ಮಾಯಿಯವರ ಮೊಕದ್ದಮೆಯೇ ಇದೆ. 1989ನೆಯ ಏಪ್ರಿಲ್ ತಿಂಗಳಲ್ಲಿ ಅವರ ಮಂತ್ರಿಮಂಡಲವು ಬಹುಮತವನ್ನು ಕಳೆದುಕೊಂಡಿದೆಯೆಂಬ ವರದಿಯ ಮೇಲೆ ಸರ್ಕಾರವನ್ನು ವಜಾ ಮಾಡಲಾಯಿತು; ವಿಧಾನಸಭೆಯಲ್ಲಿಯೇ ಬಹುಮತವನ್ನು ತೋರಿಸುವೆನೆಂದು ಅವರು ಹೇಳಿದರೂ ಅವಕಾಶ ದೊರೆಯಲಿಲ್ಲ. 1994ನೆಯ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ 9 ಮಂದಿ ನ್ಯಾಯಾಧೀಶರ ಪೀಠವು, ಬಹುಮತವನ್ನು ಅಳೆಯತಕ್ಕ ಸ್ಥಳವು ಸದನವೇ ಎಂದೂ, ಇಂಥ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದೆಂದೂ ತೀರ್ಪಿತ್ತಿತು. ಸಂವಿಧಾನದ ತಿದ್ದುಪಡಿಯ ಪ್ರಶ್ನೆಯು ಬಂದರೆ, ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮಿಗಳ ಮೊಕದ್ದಮೆ. 13 ಮಂದಿ ನ್ಯಾಯಾಧೀಶರಲ್ಲಿ 7 ಮಂದಿಯ ಬಹುಮತದಿಂದ 1973ನೆಯ ಏಪ್ರಿಲ್ 24ರಂದು ಬಂದ ಆ ತೀರ್ಪಿನ ಸಾರವಿಷ್ಟು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು. ಅದೇ ಏಪ್ರಿಲ್ 24ರಂದು, ಇಪ್ಪತ್ತು ವರುಷಗಳ ಮೇಲೆ, 1993ರಲ್ಲಿ, ಪಂಚಾಯತಿಗಳ 73ನೆಯ ತಿದ್ದುಪಡಿಯು ಜಾರಿಗೆ ಬಂದಿತು. ಈ ಕಾಕತಾಳೀಯವನ್ನು ನೆನಪಿಗೆ ಊರುಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

ಪಂಚಾಯತಿಯ ಮಾತು ಬಂದುದರಿಂದ ನಮ್ಮದೊಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ. ಗ್ರಾಮಸಭೆಯ ಪಾಠವನ್ನು ಓದುತ್ತಿದ್ದಾಗ ಆ ಹುಡುಗಿಯು ಇದ್ದಕ್ಕಿದ್ದಂತೆ, “ತಾತ, ನೀವು ಗ್ರಾಮಸಭೆಗೆ ಹೋಗಿದ್ದೀರಾ?” ಎಂದು ಕೇಳಿದಳು. ಗ್ರಾಮದ ಮತದಾರರ ಪಟ್ಟಿಯಲ್ಲಿರುವವರೆಲ್ಲರೂ ಗ್ರಾಮಸಭೆಯ ಸದಸ್ಯರೆಂದು ವರುಷವರುಷವೂ ಕರಿಯ ಹಲಗೆಯ ಮೇಲೆ ಬರೆದವರು ನಾವು. ಆದರೆ ನಮ್ಮ ಊರಿನ ಗ್ರಾಮಸಭೆಗೆ ಒಂದು ದಿನವೂ ಹೋದವರಲ್ಲ. ಬಾಯಿಪಾಠದ ದೋಷವನ್ನು ಮಕ್ಕಳಲ್ಲಿ ಹುಡುಕುತ್ತಿದ್ದ ನಾವು, ನಮ್ಮ ಪಾಠವೇ ಬಾಯಿಪಾಠವಾಗಿದ್ದುದನ್ನು ಅಂದು ಕಂಡುಕೊಂಡೆವು.

ಮುಂದಿನ ಸಭೆಗೆ ತಾಯಿ, ಮಗಳು, ನಾವು ಮೂವರೂ ಹೋದೆವು. ಹುಡುಗಿಗೆ ಹದಿನೇಳು ವರುಷವಾದುದರಿಂದ ಅವಳು ಸದಸ್ಯಳಲ್ಲ. ಹಿಂದೆ ಕುಳಿತು ನೋಡಿದಳು. ಪಂಚಾಯತಿಯ ಅಧಿಕಾರಿಯು ಖರ್ಚಿನ ಪಟ್ಟಿಯನ್ನು ಓದುತ್ತಿರಲು, ಸೊಪ್ಪು ಮಾರುವ ಒಬ್ಬ ವೃದ್ಧೆಯು ಎದ್ದು ನಿಂತು, “ಸ್ವಾಮಿ, ನೀವು ಓದಿದ ಚರಂಡಿ ನಮ್ಮ ಮನೆಯ ಮುಂದಿನದು. ಅದು ಅರ್ಧಕ್ಕೇ ನಿಂತಿದೆ. ಬಂದು ನೋಡಿ” ಎಂದಳು. ಸಭೆಯು ಒಂದು ನಿಮಿಷ ಸ್ತಬ್ಧವಾಯಿತು. ಅಧಿಕಾರಿಯು ಬರೆದುಕೊಂಡರು. ವಾರದ ಮೇಲೆ ಯಾರೋ ಬಂದು ಅಳತೆ ಮಾಡಿಕೊಂಡು ಹೋದರು. ಚರಂಡಿಯು ಇನ್ನೂ ಪೂರ್ಣವಾಗಿಲ್ಲ. ಆದರೆ ಲೆಕ್ಕವನ್ನು ಜನರ ಮುಂದೆ ಓದುವುದೇಕೆಂಬುದು ಆ ಹುಡುಗಿಗೆ ಯಾವ ಪುಸ್ತಕದಿಂದಲೂ ಅಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ. ಮನೆಗೆ ಬಂದು ‘ಗ್ರಾಮಸಭೆಯ ಕಾರ್ಯಗಳು’ ಎಂಬ ಪ್ರಶ್ನೆಗೆ ಪುಸ್ತಕವನ್ನು ನೋಡದೆ ಉತ್ತರ ಬರೆದಳು: ಯೋಜನೆಗೆ ಒಪ್ಪಿಗೆ, ಫಲಾನುಭವಿಗಳ ಆಯ್ಕೆ, ಲೆಕ್ಕದ ಪರಿಶೀಲನೆ. ಚರಂಡಿಯ ಕಥೆಯು ಮಾತ್ರ ಒಂದು ಪುಟವಾಗಿತ್ತು. “ಇದನ್ನು ಒಂದು ವಾಕ್ಯಕ್ಕೆ ಇಳಿಸು, ಮಗು, ಪರೀಕ್ಷಕರಿಗೆ ನೋಡಬೇಕಾದ ಪತ್ರಿಕೆಗಳು ಬಹಳ” ಎಂದೆವು.

ಪರೀಕ್ಷೆಗೆ ಇನ್ನು ಕೆಲವೇ ವಾರಗಳು ಉಳಿದಿರುವ ಮನೆಗಳಿಗೆ ನಮ್ಮ ಸೂಚನೆಯಿಷ್ಟು. ಪುಸ್ತಕದ ಪ್ರತಿಯೊಂದು ತಲೆಬರಹವನ್ನೂ ‘ಏಕೆ’ ಎಂಬ ಪ್ರಶ್ನೆಯಾಗಿ ಬದಲಾಯಿಸಲಿ. ಓದಿದ್ದನ್ನು ರಾತ್ರಿ ಊಟವಾದ ಮೇಲೆ ಮನೆಯವರಿಗೆ ಹತ್ತು ನಿಮಿಷ ಹೇಳಲಿ. ಕೇಳುವವರಿಗೆ ವಿಷಯ ತಿಳಿದಿರಬೇಕೆಂಬ ನಿಯಮವಿಲ್ಲ, ತಿಳಿಯದಿದ್ದರೆ ಇನ್ನೂ ಒಳ್ಳೆಯ ಪ್ರಶ್ನೆಗಳನ್ನು ಕೇಳುವರು. ಹಿಂದಿನ ಪ್ರಶ್ನೆಪತ್ರಿಕೆಗಳಿಗೆ ಗಡಿಯಾರವನ್ನು ಮುಂದಿಟ್ಟುಕೊಂಡು ಉತ್ತರ ಬರೆಯಲಿ. ಹತ್ತು ಅಂಕದ ಪ್ರಶ್ನೆಯ ಮೋಹದಲ್ಲಿ ಒಂದೊಂದು ಅಂಕದವುಗಳನ್ನು ಬಿಡದಿರಲಿ. ಪರೀಕ್ಷೆಯ ಹಿಂದಿನ ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಲಿ.

ಇನ್ನೊಂದು ಮಾತು ಮನೆಯ ಹಿರಿಯರಿಗೆ. ಮತದಾನದ ವಯಸ್ಸು ಮೊದಲು 21 ಆಗಿದ್ದು, 61ನೆಯ ತಿದ್ದುಪಡಿಯಿಂದ 1989ರಲ್ಲಿ 18ಕ್ಕೆ ಇಳಿಯಿತು. 2022ರಿಂದೀಚೆಗೆ ಹದಿನೇಳು ತುಂಬಿದವರು ಮುಂಚಿತವಾಗಿಯೇ ಮತದಾರರ ಪಟ್ಟಿಗೆ ಅರ್ಜಿ ಕೊಡಬಹುದಾಗಿದೆ. ಅಂದರೆ ಈ ಪರೀಕ್ಷೆಗೆ ಓದುತ್ತಿರುವ ಬಹುಮಂದಿ ಮಕ್ಕಳು ಆ ಅರ್ಜಿಗೂ ಅರ್ಹರೇ. ನಮ್ಮ ನೆರೆಮನೆಯ ಹುಡುಗಿಯ ಅರ್ಜಿಯನ್ನು ಹೋದ ಭಾನುವಾರ ಅವಳ ತಾಯಿಯೇ ಕುಳಿತು ತುಂಬಿಸಿದರು. ಮುಂದಿನ ಗ್ರಾಮಸಭೆಗೆ ಅವಳಿಗೆ ಹದಿನೆಂಟು ತುಂಬಿರುತ್ತದೆ. ಅಂದು ತಾನೂ ಮುಂದೆ ಕುಳಿತು ಆ ಚರಂಡಿಯ ವಿಚಾರವನ್ನು ಕೇಳುವೆನೆಂದು ಹೇಳಿದ್ದಾಳೆ. ನಾವೂ ಹೋಗುವೆವು.