ಬಿಳಿ ಕಾಫಿ ಬಣ್ಣದ ಕೂಲಂಟ್

ನಿಗಡಿಯಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಸಲಹೆಗೆ ಬರವಿಲ್ಲ. ಒಂದು ಪಕ್ಕ ಆಕುರ್ಡಿಯ ಬಜಾಜ್, ಇನ್ನೊಂದು ಪಕ್ಕ ಪಿಂಪ್ರಿ-ಚಿಂಚವಾಡದ ಟಾಟಾ ಕಾರ್ಖಾನೆ. ನಮ್ಮ ಸೊಸೈಟಿಯಲ್ಲೇ ಟೆಲ್ಕೋದಿಂದ ನಿವೃತ್ತರಾದ ಕಾಕಾಗಳು ನಾಲ್ಕು ಜನ ಇದ್ದಾರೆ. ಬಾನೆಟ್ ಎತ್ತಿದರೆ ಸಾಕು, ವಾಕಿಂಗ್ ನಿಲ್ಲಿಸಿ ಸುತ್ತ ನಿಲ್ಲುತ್ತಾರೆ.

ಈ ಸಲ ಎತ್ತಿದ್ದು ಕೂಲಂಟ್ ಡಬ್ಬಿಯ ಬಣ್ಣ ನೋಡಿ. ಹಸಿರಾಗಿರಬೇಕಾದದ್ದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಮೇಲೆ ಕೆನೆಯಂಥ ಜಿಡ್ಡು. ಹದಿನೈದು ವರ್ಷ ತುಂಬಲು ಎರಡೇ ತಿಂಗಳು ಬಾಕಿ ಇದ್ದ ಡೀಸೆಲ್ ಗಾಡಿ ಅದು. ಮೊದಲು ತೋರಿಸಿದ ಗ್ಯಾರೇಜಿನವರು ಐದು ನಿಮಿಷದಲ್ಲಿ ತೀರ್ಪು ಕೊಟ್ಟರು: ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಬೇಕು, 45 ಸಾವಿರ. ಅದಕ್ಕಿಂತ ಗುಜರಿಗೆ ಹಾಕುವುದು ಲೇಸು ಎಂಬ ಉಚಿತ ಸಲಹೆ ಬೇರೆ.

ಬೇರೆ ಸಮಯದಲ್ಲಾಗಿದ್ದರೆ ಒಪ್ಪುತ್ತಿದ್ದೆನೋ ಏನೋ. ಆದರೆ ಧಾರವಾಡದಲ್ಲಿರುವ ಅಪ್ಪನಿಗೆ ಬೈಪಾಸ್ ಆದಮೇಲೆ ರಾತ್ರಿ ಬಸ್ಸು ಆಗಿಬರುವುದಿಲ್ಲ. ತಪಾಸಣೆಗೆ ಪುಣೆಗೆ ಕರೆತರುವುದು, ಬಿಟ್ಟುಬರುವುದು ಎಲ್ಲ ಈ ಗಾಡಿಯಲ್ಲೇ. ಮನೆ ಸಾಲದ ಕಂತಿನ ಮೇಲೆ ಇನ್ನೊಂದು ಕಾರಿನ ಕಂತು ಹೊರುವ ಶಕ್ತಿ ಈಗಿಲ್ಲ.

ಟ್ರಾನ್ಸ್‌ಪೋರ್ಟ್ ನಗರಿಯಲ್ಲಿ ಇಂಡಿ ತಾಲೂಕಿನ ಮಿಸ್ತ್ರಿಯೊಬ್ಬರು ಸಿಕ್ಕರು. ಡಿಪ್‌ಸ್ಟಿಕ್ ಎಳೆದು ಬಟ್ಟೆಗೆ ಒರೆಸಿ, ಮತ್ತೆ ಎಳೆದು ನೋಡಿದರು. "ಆಯಿಲಿನ್ಯಾಗ ನೀರಿಲ್ರಿ ಸರ. ನೀರಿನ್ಯಾಗ ಆಯಿಲ್ ಐತಿ. ಹೆಡ್ಡಿಗೆ ಯಾಕ ಕೈ ಹಚ್ಚತೀರಿ, ಮೊದಲ ಕೂಲರ್ ಬಿಚ್ಚಿ ನೋಡೋಣ್ರಿ."

ಅನೇಕ ಡೀಸೆಲ್ ಎಂಜಿನ್‌ಗಳಲ್ಲಿ ಆಯಿಲ್ ಫಿಲ್ಟರಿನ ಬುಡದಲ್ಲಿ ಅಂಗೈಯಗಲದ ಒಂದು ಡಬ್ಬಿ ಇರುತ್ತದೆ. ಒಳಗೆ ತೆಳು ತಗಡುಗಳ ಅಡುಕು. ಒಂದು ಸಂದಿನಲ್ಲಿ ಬಿಸಿ ಆಯಿಲ್, ಪಕ್ಕದ ಸಂದಿನಲ್ಲಿ ಕೂಲಂಟ್. ಎರಡೂ ಬೆರೆಯದೆ ಶಾಖ ಮಾತ್ರ ದಾಟುತ್ತದೆ. ಚಳಿಯಲ್ಲಿ ಇದೇ ಡಬ್ಬಿ ಉಲ್ಟಾ ಕೆಲಸವನ್ನೂ ಮಾಡುತ್ತದೆ: ಬೇಗ ಬಿಸಿಯಾದ ಕೂಲಂಟ್ ಆಯಿಲನ್ನು ಬೆಚ್ಚಗಾಗಿಸುತ್ತದೆ. ತಗಡು ಬಿರುಕು ಬಿಟ್ಟರೆ, ಎಂಜಿನ್ ಓಡುವಾಗ ಆಯಿಲಿನ ಒತ್ತಡ ಕೂಲಂಟಿನದಕ್ಕಿಂತ ಎಷ್ಟೋ ಹೆಚ್ಚಿರುವುದರಿಂದ ಆಯಿಲ್ ಆ ಕಡೆ ನುಗ್ಗುತ್ತದೆ. ಡಿಪ್‌ಸ್ಟಿಕ್ ಸ್ವಚ್ಛ, ಡಬ್ಬಿಯಲ್ಲಿ ಕಾಫಿ. ಹೆಡ್ ಗ್ಯಾಸ್ಕೆಟ್ ಹೋದರೆ ಸಾಮಾನ್ಯವಾಗಿ ಬಿಳಿ ಹೊಗೆ, ತಣ್ಣಗಿನ ಎಂಜಿನ್ ಚಾಲೂ ಮಾಡಿದ ಕೂಡಲೇ ಗಟ್ಟಿಯಾಗುವ ಹೋಸ್, ಡಬ್ಬಿಯಲ್ಲಿ ಗುಳ್ಳೆ, ಇವುಗಳಲ್ಲಿ ಒಂದಾದರೂ ಕಾಣಿಸಿಕೊಳ್ಳುತ್ತದೆ. ನಮ್ಮದರಲ್ಲಿ ಯಾವುದೂ ಇರಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲೂ ಲಾಗ್ ಓದದೆ ಸರ್ವರ್ ಬದಲಿಸಿ ಎನ್ನುವವರಿದ್ದಾರೆ, ಇರಲಿ.

ಕೂಲರ್ ಬಿಚ್ಚಿದ ಮಿಸ್ತ್ರಿ ಅದರ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಕಂಪ್ರೆಸರ್ ಗಾಳಿ ಕೊಟ್ಟು ಬಿಸಿನೀರಿನ ಬಕೀಟಿನಲ್ಲಿ ಮುಳುಗಿಸಿದರು. ತಣ್ಣೀರಿನಲ್ಲಿ ಕಾಣದ ಬಿರುಕು ಬಿಸಿಯಲ್ಲಿ ಬಾಯಿ ಬಿಡುತ್ತದಂತೆ. ಅರೆ ನಿಮಿಷಕ್ಕೆ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ಕಾಕಾಗಳಲ್ಲಿ ಒಬ್ಬರು ಜೊತೆಗೆ ಬಂದಿದ್ದರು. ಮಗುವಿಗೆ ಹಲ್ಲು ಬಂದಷ್ಟು ಸಂತೋಷಪಟ್ಟರು.

ತೊಳೆದು ಮತ್ತೆ ಹಾಕಬಹುದೇ ಎಂದು ಕೇಳಿದೆ. ಹೊರಗಿನ ಓ-ರಿಂಗ್ ಮಾತ್ರ ಸೋರುತ್ತಿದ್ದರೆ ಡೀಸೆಲಿನಲ್ಲಿ ತೊಳೆದು ಹೊಸ ರಿಂಗ್ ಹಾಕಿದರೆ ಸಾಕು. ಒಳಗಿನ ತಗಡೇ ಬಿರಿದಿದ್ದರೆ ಬೆಸುಗೆ, ಅಂಟು ಯಾವುದೂ ನಿಲ್ಲುವುದಿಲ್ಲ. ಬೇರಿಂಗ್ ಸವೆದು ಲೋಹದ ಪುಡಿ ಹೊಕ್ಕಿರುವ ಕೂಲರನ್ನಂತೂ ಎಷ್ಟು ತೊಳೆದರೂ ನಂಬಬಾರದು. ಸಂದಿನಲ್ಲಿ ಕೂತ ಚೂರು ಮುಂದೆಂದೋ ಹೊರಟು ಹೊಸ ಬೇರಿಂಗನ್ನು ತಿನ್ನುತ್ತದೆ. ಹೊಸ ಕೂಲರ್, ಓ-ರಿಂಗ್, ಫಿಲ್ಟರ್, ಆಯಿಲ್, ಕೂಲಂಟ್, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರದೊಳಗೆ ಮುಗಿಯಿತು.

ನಿಜವಾದ ಕೆಲಸ ಇದ್ದದ್ದು ತೊಳೆಯುವುದರಲ್ಲಿ. ಕೂಲರ್ ಬದಲಾಯಿಸಲು ಎರಡು ಗಂಟೆ, ಜಿಡ್ಡು ತೆಗೆಯಲು ಒಂದೂವರೆ ದಿನ. ಥರ್ಮೋಸ್ಟಾಟ್ ತೆಗೆದು, ಬಿಸಿನೀರಿಗೆ ನೊರೆ ಕಡಿಮೆ ಬರುವ ಕ್ಲೀನರ್ ಹಾಕಿ, ಎಂಜಿನ್ ಓಡಿಸಿ, ಆರಿಸಿ, ಸುರಿದು, ಮತ್ತೆ ತುಂಬುವುದು. ಬಟ್ಟೆ ಸೋಪಿನ ಪುಡಿ ಬೇಡ ಎಂದರು, ನೊರೆ ಎದ್ದರೆ ತಿಳಿಯಾಗಲು ದಿನ ಹಿಡಿಯುತ್ತದೆ. ಐದನೆಯ ಸಲಕ್ಕೆ ನೀರು ನೀರಿನಂತೆ ಬಂತು. ಆಯಿಲ್ ಕುಡಿದು ಉಬ್ಬಿ ಮೆತ್ತಗಾಗಿದ್ದ ಎರಡು ರಬ್ಬರ್ ಹೋಸ್‌ಗಳನ್ನೂ ಎಸೆಯಬೇಕಾಯಿತು. ಇದನ್ನು ಬಿಟ್ಟರೆ ಘಾಟಿನ ನಡುವೆ ಹೋಸ್ ಒಡೆದು ನಿಲ್ಲುವ ಪಾಳಿ. ಕೊನೆಗೆ ಕೂಲಂಟನ್ನು ಡಿಸ್ಟಿಲ್ಡ್ ವಾಟರಿನಲ್ಲೇ ಬೆರೆಸಿದರು. ಬೋರ್‌ವೆಲ್ ನೀರಿನ ಸುಣ್ಣ ಇಂಥ ಸಣ್ಣ ಸಂದುಗಳಲ್ಲೇ ಮೊದಲು ಕಟ್ಟುತ್ತದೆ.

ಸುರಿದ ಹಳೆಯ ಕೂಲಂಟನ್ನು ಗಟಾರಕ್ಕೆ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ಬೀದಿನಾಯಿ ನೆಕ್ಕಿದರೆ ಬದುಕುವುದು ಕಷ್ಟ. ನಮ್ಮ ಮಿಸ್ತ್ರಿ ಅದನ್ನು ಕ್ಯಾನಿನಲ್ಲಿ ಹಿಡಿದು ಬೇರೆ ಇಟ್ಟರು, ಹಳೆಯ ಆಯಿಲ್ ಒಯ್ಯುವವನ ಕೈಗೆ ಕೊಡಲು.

ಮೊನ್ನೆ ಅಪ್ಪನನ್ನು ಕರೆತಂದೆ. ಖಂಬಾಟಕಿ ಘಾಟಿನಲ್ಲಿ ಎಸಿ ಹಾಕಿಕೊಂಡೇ ಹತ್ತಿದೆ, ಮುಳ್ಳು ನಡುವೆ ನಿಂತದ್ದು ಅಲ್ಲಾಡಲಿಲ್ಲ. ಇನ್ನು ಆರ್‌ಟಿಒ ಬಾಕಿ: ನೋಂದಣಿ ನವೀಕರಣಕ್ಕೆ 5,000 ರೂಪಾಯಿ, ಜೊತೆಗೆ ಮಹಾರಾಷ್ಟ್ರದ ಹಸಿರು ತೆರಿಗೆ. ಪಾಸಾದರೆ ಇನ್ನು ಐದು ವರ್ಷ. ತಪಾಸಣೆಗೆ ಗಾಡಿ ಒಯ್ಯುವ ಮುನ್ನ ಇನ್ನೊಮ್ಮೆ ಕೂಲಂಟ್ ಬದಲಿಸಲು ಮಿಸ್ತ್ರಿ ಹೇಳಿದ್ದಾರೆ, ಮೂಲೆಯಲ್ಲಿ ಉಳಿದ ಜಿಡ್ಡು ಸಾವಿರ ಕಿಲೋಮೀಟರಿನೊಳಗೆ ಮೇಲೆ ಬರುತ್ತದಂತೆ.