ಒಂದನೇ ನಂಬರು ಇಲ್ಲದ ಪರೀಕ್ಷಾ

ಮಗಳ ಬಾಣಂತನಕ್ಕ ಅಮೆರಿಕಾಕ್ಕ ಹೋಗಿ ಐದು ತಿಂಗಳು ಇದ್ದು ಬಂದೆನಲ್ಲ, ಆವಾಗಿಂದ ಓಣ್ಯಾಗ ಯಾರು ಸಿಕ್ಕರೂ ಒಂದ ಮಾತು ಕೇಳ್ತಾರ: "ಏನೇನ ನೋಡಿ ಬಂದ್ರಿ?" ನಾಯಿ ಪರೀಕ್ಷಾ ನೋಡಿ ಬಂದೆ ಅಂದ್ರ ನಕ್ಕೋತ ಹೋಗ್ತಾರ. ನಗ್ರಿ, ನನಗೂ ಮೊದಲು ನಗುವ ಬಂದಿತ್ತು. ಆದ್ರ ಅಲ್ಲಿ ಕಂಡದ್ದು ಮನಸಿನ್ಯಾಗ ಕುಂತಬಿಟ್ಟೈತಿ. ಅದನ್ನ ಇವತ್ತ ಬರೀತೀನಿ, ಕಡೀಕ ನಮ್ಮ ಓಣಿ ರಂಗೋಲಿ ಮಾತಿಗೂ ಬರ್ತೀನಿ.

ಮಗಳು ಇರೋದು ಮಿನ್ನೆಸೋಟಾದಾಗ. ಊರ ತುಂಬ ಕೆರಿ, ಕೆರಿ ತುಂಬ ಬಾತುಕೋಳಿ. ಪಕ್ಕದ ಮನ್ಯಾಗ ಒಬ್ಬ ರಿಟೈರ್ ಆದ ಟೀಚರಮ್ಮ ಇದ್ರು. ಯಜಮಾನರು ತೀರಿಕೊಂಡಾರ, ಮಕ್ಕಳು ದೂರ. ಮನ್ಯಾಗ ಆಕಿ ಮತ್ತ ಒಂದು ಕರೇ ಲ್ಯಾಬ್ರಡಾರ್ ನಾಯಿ, ಪೆಪ್ಪರ್ ಅಂತ. ಮೊಮ್ಮಗಳನ್ನ ನೋಡಾಕ ದಿನಾ ಬರೋರು. ನನ್ನ ಪಿಯುಸಿ ಇಂಗ್ಲೀಷು, ಆಕಿ ನಿಧಾನ ಮಾತು, ಹೆಂಗೋ ಹೊಂದಿಕೊಂತು. ಒಂದಿನ ಕೇಳಿದ್ರು, "ಶನಿವಾರ ಪೆಪ್ಪರಂದು ಪರೀಕ್ಷಾ ಐತಿ, ಬರ್ತೀರೇನು?" ಅಳಿಯ ಕೂಸಿನ ಹತ್ರ ಉಳಿದ, ಮಗಳು ನಾನು ಹೋದ್ವಿ.

ಮುಂಜಾನೆ ಏಳಕ್ಕ ಒಂದು ದೊಡ್ಡ ಹುಲ್ಲಿನ ಬಯಲು. ಗಾಡಿ ಸಾಲಾಗಿ ನಿಂತಾವ, ಗಾಡಿಗೊಂದು ಎರಡು ನಾಯಿ. ಇಬ್ಬರು ತೀರ್ಪುಗಾರರು ಕುರ್ಚಿ ಹಾಕ್ಕೊಂಡು ಕಾಗದ ಹಿಡದು ಕುಂತಾರ. ದೂರದಾಗ ಬಟ್ಟಿ ಮರಿ ಕಟ್ಟಿ ಅದರ ಹಿಂದ ಮಂದಿ ಅಡಗಿ ಕುಂತಾರ. ನಾಯಿ ಒಡತಿ ಮಗ್ಗಲಾಗ ಕೂಡಬೇಕು. ಅಡಗಿದವರು ಬಾತುಕೋಳಿ ಕೂಗಿದಂಗ ಒಂದು ಪೀಪಿ ಊದ್ತಾರ, ಒಂದು ಸುಳ್ಳ ಗುಂಡು ಹಾರಿಸ್ತಾರ, ಸತ್ತ ಬಾತುಕೋಳಿ ಒಂದನ್ನ ಮ್ಯಾಲಕ್ಕ ಎಸೀತಾರ. ಅದು ಹುಲ್ಲಿನ್ಯಾಗ ಎಲ್ಲೋ ಬೀಳ್ತೈತಿ. ತೀರ್ಪುಗಾರರು ಬಿಡ್ರಿ ಅನ್ನೋತನಕ ನಾಯಿ ಜಿಗೀಬಾರ್ದು. ಬಿಟ್ಟ ಮ್ಯಾಲ, ಎಲ್ಲಿ ಬಿತ್ತು ಅನ್ನೋದನ್ನ ನೆನಪಿಟ್ಟು ಓಡಿ ಹೋಗಿ, ಹುಡುಕಿ, ಬಾಯಾಗ ಹಿಡದು ತಂದು ಒಡತಿ ಕೈಯಾಗ ಕೊಡಬೇಕು. ನೆಲಕ್ಕ ಹಾಕಿ ನಿಂತ್ರ ಆಗಂಗಿಲ್ಲ. ಹಲ್ಲು ನೆಟ್ಟು ಹಕ್ಕಿ ಹಿಸುಕಿದ್ರೂ ನಪಾಸು. ಬೆಕ್ಕು ತನ್ನ ಮರಿ ಕಚ್ಚಿಕೊಂಡು ಹೋಗೂ ಮುಂದ ಹೆಂಗ ಹಿಡೀತೈತಿ, ಹಂಗ ಹಿಡೀಬೇಕು.

ಪೆಪ್ಪರ್ ಕುಂತಿದ್ದು ಮೊದಲನೇ ಮೆಟ್ಟಲದ ಪರೀಕ್ಷಾ. ಅಮೆರಿಕನ್ ಕೆನಲ್ ಕ್ಲಬ್ ಅನ್ನೋರು 1985ರಾಗ ಶುರು ಮಾಡಿದ್ದಂತ. ನೆಲದ ಮ್ಯಾಲ ಎರಡು ಹಕ್ಕಿ, ನೀರಾಗ ಎರಡು ಹಕ್ಕಿ, ಒಂದೊಂದಾಗಿ. ನಾಲ್ಕು ಗುಣ ನೋಡ್ತಾರ: ಬಿದ್ದ ಜಾಗಾ ಗುರ್ತು ಇಟ್ಟುಕೊಳ್ಳೋದು, ಹುರುಪು, ಬಿಡದ ಹುಡುಕೋ ಹಠ, ಹೇಳಿದ್ದು ಕೇಳೋದು. ಒಂದೊಂದಕ್ಕೂ 10ರ ಮ್ಯಾಲ ಅಂಕ. ಯಾವುದರಾಗೂ 5ಕ್ಕಿಂತ ಕಡಿಮಿ ಆಗಬಾರ್ದು, ಎಲ್ಲಾ ಕೂಡಿ ಸರಾಸರಿ 7 ಬರಬೇಕು. ಬಂತಂದ್ರ ಪಾಸು, ಒಂದು ಕಿತ್ತಳಿ ಬಣ್ಣದ ರಿಬ್ಬನ್ನು. ಇಂಥ ನಾಲ್ಕು ಪಾಸು ಆದ್ರ ನಾಯಿ ಹೆಸರಿಗೆ ಒಂದು ಬಿರುದು.

ನಾ ಮಗಳಿಗೆ ಕೇಳಿದೆ, "ಹಂಗಾರ ಒಂದನೇ ನಂಬರು ಯಾರಿಗೆ?" ಆಕಿ ಕೇಳಿ ಬಂದು ಹೇಳಿದ್ಳು, "ಅವ್ವಾ, ಇದರಾಗ ಒಂದನೇ ನಂಬರ ಇಲ್ಲ." ಅಳತಿಗೋಲು ಒಂದೈತಿ, ಅದನ್ನ ಮುಟ್ಟಿದವರು ಎಲ್ಲಾರೂ ಪಾಸು. ಹತ್ತು ನಾಯಿ ಮುಟ್ಟಿದ್ರ ಹತ್ತೂ ಪಾಸು, ಒಂದೂ ಮುಟ್ಟಲಿಲ್ಲಂದ್ರ ಒಂದೂ ಇಲ್ಲ. ನಾಯಿಗೆ ನಾಯಿ ಹೋಲಿಸಂಗ ಇಲ್ಲ. ಒಂದನೇದು ಎರಡನೇದು ಕೊಡೋ ಪಂದ್ಯ ಬ್ಯಾರೇ ಅದಾವ, ಬೇಕಾದವರು ಅಲ್ಲಿ ಹೋಗ್ತಾರ. ಸಂಬಳ ತೊಗೊಂಡು ನಾಯಿ ಕಲಿಸೋರೂ ಗಾಡಿ ತುಂಬ ನಾಯಿ ತಂದು ಇದ ಸಾಲಿನ್ಯಾಗ ನಿಲ್ತಾರ. ಆದ್ರ ನಮ್ಮ ಟೀಚರಮ್ಮನಂಗ ಮನಿ ನಾಯಿ ತಂದ ಹವ್ಯಾಸಿಗಳಿಗೂ ಅಳತಿಗೋಲು ಅದ.

ಸತ್ತ ಹಕ್ಕಿ ನೋಡಿ ನನಗ ಸಂಕಟ ಆಗಿದ್ದು ಖರೇ. ನಮ್ಮ ಮನ್ಯಾಗ ತತ್ತಿನೂ ಮುಟ್ಟಂಗಿಲ್ಲ, ನಿಮಗ ಗೊತ್ತೈತಿ. ಮ್ಯಾಲಿನ ಪರೀಕ್ಷಾದಾಗ ಜೀವ ಇದ್ದ ಹಕ್ಕಿ ಹಾರಿಸಿ ಹೊಡಿಯೋದೂ ಉಂಟಂತ. ಅದು ನನಗ ಒಪ್ಪಿಗಿ ಇಲ್ಲ, ಇದನ್ನ ಟೀಚರಮ್ಮಗ ಮುಖದ ಮ್ಯಾಲ ಹೇಳಿದೆ. ಆಕಿ ಸಿಟ್ಟಾಗಲಿಲ್ಲ. "ನಮ್ಮವರು ಊಟಕ್ಕ ಬ್ಯಾಟಿ ಆಡೋರು. ಹೊಡದ ಹಕ್ಕಿ ಜೊಂಡಿನ್ಯಾಗ ಬಿದ್ದು ನರಳಿ ಕೊಳತು ಹೋಗಬಾರ್ದು, ಅದಕ್ಕ ನಾಯಿ ಕಲಿಸೋದು" ಅಂದ್ರು. ಆಕಿ ಮಾತು ಆಕಿಗೆ, ನನ್ನ ಮಾತು ನನಗ. ನಾ ಬರಿಯಾಕ ಹೊಂಟಿದ್ದು ಹಕ್ಕಿ ಬಗ್ಗೆ ಅಲ್ಲ, ಅಲ್ಲಿ ಕೂಡಿದ ಮಂದಿ ಬಗ್ಗೆ.

ನೆಲದ ಮ್ಯಾಲ ಪೆಪ್ಪರ್ ಛಂದ ಮಾಡಿತು. ಮಧ್ಯಾಹ್ನ ಕೆರಿ ದಂಡೀಗೆ ಹೋದ್ವಿ. ಮೊದಲನೇ ಹಕ್ಕಿ ಸರಿ ತಂತು. ಎರಡನೇದಕ್ಕ ಈಜಿ ಹೋಗಿ ಹಿಡದು ತಂದಿದ್ದೂ ಆತು, ದಂಡೀಗೆ ಬಂದ ಕೂಡಲೇ ಹಕ್ಕಿ ಕೆಳಗ ಇಟ್ಟು ಮೈಯೆಲ್ಲಾ ಝಾಡಿಸಿಕೊಂತು. ನೀರಾಗಿಂದ ಬಂದ ನಾಯಿ ಮೈ ಝಾಡಸೂದ. ಆದ್ರ ಝಾಡಿಸಿಕೊಂಡ ಮ್ಯಾಲ ಹಕ್ಕಿ ಮರತು ಖಾಲಿ ಬಾಯೀಲೆ ಒಡತಿ ಹತ್ರ ಓಡಿ ಬಂತು, ಬಾಲ ಅಲ್ಲಾಡಿಸಿಕೋತ. ಎಷ್ಟು ಕರದು ತೋರಿಸಿದ್ರೂ ತಿರಗಿ ಹೋಗಲಿಲ್ಲ. ನಪಾಸು. ಟೀಚರಮ್ಮ ನಾಯಿ ತಲಿ ಸವರಿ, ತೀರ್ಪುಗಾರರಿಗೆ ಥ್ಯಾಂಕ್ಸ್ ಹೇಳಿ ಬಂದು ಗಾಡಿ ಹಿಂದ ಕುಂತರು. ಕಣ್ಣಾಗ ನೀರಿತ್ತು. ಯಜಮಾನರು ಇದ್ದಾಗ ತಂದ ಮರಿ ಅಂತ ಅದು, ಕಲಿಸೋದು ಶುರು ಮಾಡಿದ್ದೂ ಅವರ.

ಆವಾಗ ಒಬ್ಬ ಹೆಣ್ಣುಮಗಳು ಬಂದ್ಳು. ಆಕಿ ನಾಯಿ ಆಗಲೇ ಪಾಸಾಗಿತ್ತು, ರಿಬ್ಬನ್ ತೊಗೊಂಡು ಮನೀಗೆ ಹೋಗಬಹುದಿತ್ತು. ಕುರ್ಚಿ ಎಳಕೊಂಡು ಟೀಚರಮ್ಮನ ಮಗ್ಗಲಾಗ ಕುಂತು ಅಂದ್ಳು, "ನನ್ನ ನಾಯಿ ಇದ ತಪ್ಪು ಎರಡು ಸಲ ಮಾಡಿತ್ತು. ನಮ್ಮ ಹೊಲದಾಗ ಹೊಂಡ ಐತಿ, ಮಂಗಳವಾರ ಬಾ. ನೀರಿಂದ ಹೊರಗ ಬರೋದರೊಳಗ ದಂಡೀಗೆ ಹೋಗಿ ಕೈಯಾಗ ಇಸ್ಕೋ, ಆಮ್ಯಾಲ ಒಂದೊಂದ ಹೆಜ್ಜಿ ಹಿಂದ ಸರಕೋತ ಬಾ." ಟೀಚರಮ್ಮ ಮಂಗಳವಾರ ಹೋದ್ರು, ಗುರುವಾರ ಹೋದ್ರು, ಮೂರು ವಾರ ಹಂಗ ಹೋದ್ರು. ಒಂದಿನ ನಾನೂ ಹೋಗಿದ್ದೆ. ಕಲಿಸೂದು ಅರ್ಧ ತಾಸು, ಕುಂತು ಮಾತಾಡೂದು ಎರಡು ತಾಸು. ನಾ ಒಯ್ದ ಚಕ್ಕುಲಿ ಡಬ್ಬಿ ಖಾಲಿ.

ಮುಂದಿನ ಪರೀಕ್ಷಾದಾಗ ಪೆಪ್ಪರ್ ಪಾಸಾತು. ಆವತ್ತ ಬಟ್ಟಿ ಮರಿ ಹಿಂದ ಕುಂತು ಹಕ್ಕಿ ಎಸದಾಕಿ ಯಾರು ಗೊತ್ತೇನ್ರಿ? ಅದ ಹೆಣ್ಣುಮಗಳು. ತನ್ನ ನಾಯಿ ತರಲಿಲ್ಲ, ಕೆಲಸಕ್ಕಂತ ಬಂದಿದ್ಳು. ಅಲ್ಲಿ ಎಸಿಯೋದು, ನಂಬರು ಕರಿಯೋದು, ಊಟ ಬಡಸೋದು ಹೆಚ್ಚಾಗಿ ಕ್ಲಬ್ಬಿನ ಮಂದೀನ ಹಂಚಿಕೊಂಡು ಮಾಡ್ತಾರ. ಮರಿ ಹಿಂದ ಇದ್ದವರು ಕೂಗಂಗಿಲ್ಲ. ಸರದಿ ಎಲ್ಲಾ ಮುಗಿಯೋತನಕ ಸುಮ್ಮನ ಕುಂತು, ಆಮ್ಯಾಲ ಕೆಸರ ಬೂಟೀಲೆ ಓಡಿ ಬಂದು ತಬ್ಬಿಕೊಂಡ್ಳು.

ನಾ ವಿಚಾರ ಮಾಡಿದೆ. ಇವರೇನು ನಮಗಿಂತ ದೊಡ್ಡ ಮನಸಿನವರಾ? ಹಂಗೇನಿಲ್ಲ. ಅಲ್ಲೂ ಹಿಂದ ಮಾತಾಡೋರು, ಹೊಟ್ಟಿಕಿಚ್ಚು ಪಡೋರು ಇದ್ದಾರಂತ ಟೀಚರಮ್ಮನ ಹೇಳಿದ್ರು. ದುಡ್ಡು ಇಲ್ಲದವರಿಗೆ ಈ ಹವ್ಯಾಸ ಎಟಕೂದೂ ಇಲ್ಲ: ನಾಯಿ, ಗಾಡಿ, ಫೀಸು, ದೂರದ ದಾರಿ. ವ್ಯತ್ಯಾಸ ಇರೋದು ಪರೀಕ್ಷಾದ ರೀತಿಯೊಳಗ. ನಿನ್ನ ನಾಯಿ ಪಾಸಾದ್ರ ನನ್ನ ನಾಯಿದೇನೂ ಕಡಿಮಿ ಆಗಂಗಿಲ್ಲ ಅಂದ ಮ್ಯಾಲ ನಿನಗ ಕಲಿಸಾಕ ನನಗೇನು ಕಷ್ಟ? ಬಹುಮಾನ ಒಂದ ಇದ್ದು ಕೈ ಹತ್ತು ಇದ್ರ, ಒಳ್ಳೇ ಮಂದೀನೂ ಗುಟ್ಟು ಮಾಡ್ತಾರ.

ನಾನ ಮಾಡೀನಿ. ಅದನ್ನ ಬರಿಯಾಕ ಇಷ್ಟು ದೂರ ಬಂದೆ.

ಎರಡು ವರ್ಷದ ಹಿಂದ ದಸರಾಕ್ಕ ನಮ್ಮ ಓಣ್ಯಾಗ ರಂಗೋಲಿ ಸ್ಪರ್ಧೆ ಆತಲ್ಲ, ನನಗ ಒಂದನೇ ಬಹುಮಾನ ಬಂತು, ಸ್ಟೀಲಿನ ಬೋಗಾಣಿ. ಎರಡನೇದು ಎದುರು ಮನಿ ಅಕ್ಕಾರಿಗೆ. ನಾ ಈ ಊರಿಗೆ ಸೊಸಿಯಾಗಿ ಬಂದಾಗ ಚುಕ್ಕಿ ಇಡೋದು ಕಲಿಸಿದವರ ಅವರು. ನಮ್ಮನಿಯವರು ಎಂಟು ದಿನ ದವಾಖಾನ್ಯಾಗ ಇದ್ದಾಗ ದಿನಾ ರೊಟ್ಟಿ ಪಲ್ಯ ಕಟ್ಟಿ ಕಳಿಸಿದವರೂ ಅವರ. ಸ್ಪರ್ಧೆ ಎಂಟು ದಿನ ಇದ್ದಾಗ ಅವರು "ಈ ಸಲ ಏನ ಹಾಕ್ತೀಯವ್ವಾ?" ಅಂತ ಕೇಳಿಕೋತ ಬಂದ್ರ, ನಾ ರಂಗೋಲಿ ಪುಸ್ತಕ ದಿಂಬಿನ ಕೆಳಗ ಸರಿಸಿ "ಇನ್ನೂ ಏನೂ ಇಲ್ಲರೀ" ಅಂದಿದ್ದೆ. ಫಲಿತಾಂಶ ಬಂದ ದಿನ ಅವರು "ತೀರ್ಪು ಕೊಟ್ಟವರು ನಿಮಗ ಗುರ್ತಿನವರು" ಅಂದ್ರು. ನಾ "ಸೋತವರು ಹಿಂಗ ಅನ್ನೋದು" ಅಂದೆ, ನಾಲ್ಕು ಮಂದಿ ಮುಂದ. ಆವತ್ತಿಂದ ಎದರಾ ಬದರಾ ಬಾಗಿಲು ತೆರದು ಕಸ ಹೊಡೀತೀವಿ, ಮಾತಿಲ್ಲ. ಬೋಗಾಣಿ ಅಟ್ಟದ ಮ್ಯಾಲೈತಿ. ಅದರಾಗ ಒಂದು ದಿನಾನೂ ಹಾಲು ಕಾಸಿಲ್ಲ ನಾನು.

ಯಾರರೆ ಅನ್ನಬಹುದು: ಎಲ್ಲಾರಿಗೂ ಬಹುಮಾನ ಕೊಟ್ರ ಅದಕ್ಕೇನು ಬೆಲಿ? ಎಲ್ಲಾರಿಗೂ ಕೊಡ್ರಿ ಅಂತ ನಾ ಹೇಳಾಕತ್ತಿಲ್ಲ. ಪೆಪ್ಪರ್ ನಪಾಸಾಗಲಿಲ್ಲೇನು, ಆಕಿ ಅತ್ತದ್ದು ನೋಡಿ ಯಾರೂ ರಿಬ್ಬನ್ ಕೊಡಲಿಲ್ಲ. ಅಳತಿ ಗಟ್ಟಿ ಇರಬೇಕು, ಮೊದಲ ಹೇಳಿರಬೇಕು, ಎಲ್ಲಾರಿಗೂ ಒಂದ ಇರಬೇಕು. ಮುಟ್ಟದವರಿಗೆ ಮುಂದಿನ ಸಲ ಐತಿ. ನಮ್ಮ ಮಕ್ಕಳ ಪರೀಕ್ಷಾನೂ ಮೂಲದಾಗ ಹಿಂಗ ಇರೋದಲ್ಲೇನ್ರಿ? ಗೊತ್ತು ಮಾಡಿದಷ್ಟು ಅಂಕ ಬಂದ್ರ ಪಾಸು. ಅದಕ್ಕ "ಅವರ ಮಗಂದೆಷ್ಟು, ಇವರ ಮಗಳದೆಷ್ಟು" ಅನ್ನೋ ಬಾಲ ಹಚ್ಚಿದವರು ನಾವ.

ಇನ್ನೊಂದು ಮಾತು, ನಾವು ಮುಧೋಳದವರು. ನಾಯಿ ಅಂದ್ರ ನಮ್ಮ ಊರ ಹೆಸರು ದೇಶಕ್ಕೆಲ್ಲಾ ಗೊತ್ತು. 2005ರಾಗ ನಮ್ಮ ನಾಯಿ ಅಂಚೆ ಚೀಟಿ ಮ್ಯಾಲ ಬಂತು, ತಿಮ್ಮಾಪುರದಾಗ ಅದಕ್ಕಂತನ ಸಂಶೋಧನಾ ಕೇಂದ್ರ ಐತಿ. ನಮ್ಮದು ಹಕ್ಕಿ ತರೋ ನಾಯಿ ಅಲ್ಲ, ಕಣ್ಣೀಲೆ ನೋಡಿ ಮೊಲದ ಬೆನ್ನು ಹತ್ತೋ ನಾಯಿ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಮೊಲದ ಬ್ಯಾಟಿ ಅಪರಾಧ, ಅದು ಚೊಲೋನ ಆತು. ಅಮೆರಿಕಾದಾಗ ಇಂಥ ಓಡೋ ನಾಯಿಗೋಳಿಗೆ ಮಷಿನ್ನಿಗೆ ದಾರ ಕಟ್ಟಿ ಪ್ಲಾಸ್ಟಿಕ್ ಚೀಲ ಎಳದು ಅದರ ಹಿಂದ ಓಡಿಸ್ತಾರ, ಜೀವ ಹೋಗೋ ಮಾತಿಲ್ಲ. ಅಂಥದ್ದನ್ನ ನಮ್ಮ ಹುಡುಗರು ನಂಬರು ಇಲ್ಲದ, ಅಳತಿ ಇಟ್ಟು ಇಲ್ಲೂ ಮಾಡಿದ್ರ ನಾ ಮುಂಜಾನೆ ಚುರಮರಿ ಒಗ್ಗರಣಿ, ಚಾ ಮಾಡಿಕೊಂಡು ಬರ್ತೀನಿ.

ಅದು ಗಂಡಸರ ಕೈಯಾಗ ಇರ್ಲಿ. ನಮ್ಮ ಕೈಯಾಗಿರೋದು ರಂಗೋಲಿ. ಈ ದಸರಾಕ್ಕ ಹಿಂಗ ಮಾಡೋಣ: ಚುಕ್ಕಿ ಸಾಲಿಗೆ ಬರಬೇಕು, ಎಳಿ ತುಂಡಾಗಬಾರ್ದು, ಬಣ್ಣ ಕಲಿಬಾರ್ದು, ಒಂದೂವರಿ ತಾಸಿನ್ಯಾಗ ಮುಗೀಬೇಕು. ನಾಲ್ಕೂ ಮುಟ್ಟಿದವರಿಗೆ ಅರಿಷಿಣ ಕುಂಕುಮ, ಗುಳೇದಗುಡ್ಡದ ಒಂದು ಖಣ. ಮುಟ್ಟದವರಿಗೆ ಖಣ ಇಲ್ಲ, ಮುಂದಿನ ಸಲ ಹಾಕಲಿ. ಅದಕ್ಕಿಂತ ಮೊದಲು ಹದಿನೈದು ದಿನ ಸಂಜೀಕ ಬಲ್ಲವರು ಅಂಗಳದಾಗ ಕುಂತು ಸಣ್ಣ ಹುಡುಗ್ಯಾರಿಗೆ ಕಲಿಸಬೇಕು. ಐತವಾರ ನಾಲ್ಕಕ್ಕ ನಮ್ಮ ಕಟ್ಟಿ ಮ್ಯಾಲ ಕೂಡ್ರಿ, ಬ್ಯಾಡ ಅನ್ನೋರು ಅಲ್ಲೇ ಅನ್ರಿ.

ಎದುರು ಮನಿ ಅಕ್ಕಾರ, ನಿಮ್ಮ ಸೊಸಿ ಫೋನಿನ್ಯಾಗ ಇದನ್ನ ನಿಮಗ ಓದಿ ಹೇಳ್ತಾಳಂತ ನನಗ ಗೊತ್ತೈತಿ. ನಾ ಅಂದ ಮಾತು ತಪ್ಪು. ಪುಸ್ತಕ ಸರಿಸಿದ್ದೂ ತಪ್ಪು. ಶನಿವಾರ ಸಂಜೀಕ ಪುಸ್ತಕ ತೊಗೊಂಡು ನಾನ ನಿಮ್ಮ ಬಾಗಿಲಿಗೆ ಬರ್ತೀನಿ, ಬಾಗಿಲಾ ತಗೀರಿ.